ಖಾಲಿ ಗೋದಾಮಿನ ಸರ್ವೆ

ವೈರ್‌ಲೆಸ್ ಕೆಲಸಕ್ಕೆ ಸೇರಬೇಕೆಂದಿರುವ ಮಕ್ಕಳು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಯಾವ ಕೋರ್ಸ್ ಮಾಡಬೇಕು, ಯಾವ ಪರೀಕ್ಷೆ ಬರೆಯಬೇಕು ಎಂದು ಕೇಳುತ್ತಾರೆ. ನಾನು ಮೊದಲು ಅವರ ಕಾಲು ನೋಡುತ್ತೇನೆ. ಚಪ್ಪಲಿ ಗಟ್ಟಿ ಇದೆಯೇ, ನಡೆದು ಅಭ್ಯಾಸವಿದೆಯೇ? ಏಕೆಂದರೆ ನಾನು ಇಷ್ಟು ವರ್ಷ ಮಾಡಿದ್ದು ಬಹುಪಾಲು ನಡೆಯುವ ಕೆಲಸ. ಒಂದು ಕಾರ್ಖಾನೆಯೋ ಗೋದಾಮೋ ಅಂಗಡಿಯೋ ಇರುತ್ತದೆ. ಅಲ್ಲಿ ತಂತಿಯಿಲ್ಲದೆ ಮಾತು ಅಥವಾ ಲೆಕ್ಕ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಬೇಕು. ಸಿಗ್ನಲ್ ಕಳಿಸುವ ಡಬ್ಬಿಯನ್ನು ಎಲ್ಲಿ ಕೂರಿಸಿದರೆ ಹೋಗುತ್ತದೆ, ಎಲ್ಲಿ ಕೂರಿಸಿದರೆ ಹೋಗುವುದಿಲ್ಲ ಎಂದು ಇಡೀ ಜಾಗ ತಿರುಗಾಡಿ ಅಳೆದು ಹೇಳಬೇಕು. ಅದಕ್ಕೆ ಸೈಟ್ ಸರ್ವೆ ಎನ್ನುತ್ತಾರೆ.

ನನ್ನ ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಮೂರು ಜನರ ಕಂಪನಿಯಲ್ಲಿ ಬಡ್ತಿ ಎಂದರೆ ಫ್ಯಾನಿನ ಕೆಳಗಿನ ಕುರ್ಚಿ ಸಿಗುವುದು, ಅಷ್ಟೆ. ಬರೆಯಬೇಕೆಂದಿರುವುದು ಚಿತ್ತಾಪುರದ ಒಂದು ದಾಲ್ ಮಿಲ್ಲಿನ ಸುಗ್ಗಿಯ ಬಗ್ಗೆ. ಆ ಸುಗ್ಗಿಯಲ್ಲಿ ಗೋದಾಮಿನ ಮಹಿಬೂಬ ಪಟೇಲರ ನೌಕರಿ ಉಳಿಯುವುದೋ ಹೋಗುವುದೋ ಎಂಬುದು ನಾವು ಕೂರಿಸಿದ ಒಂದು ಬಿಳಿ ಡಬ್ಬಿಯ ಮೇಲೆ ನಿಂತುಬಿಟ್ಟಿತ್ತು. ಆದರೆ ಅದಕ್ಕೂ ಮೊದಲು ನಮ್ಮ ವಾಮನರಾವ್ ಸರ್ ಎಂಥವರು ಎಂದು ಹೇಳಬೇಕು. ಅವರನ್ನು ಬಿಟ್ಟರೆ ಆ ಫಜೀತಿಗೆ ತಲೆಬುಡ ಇರುವುದಿಲ್ಲ.

ಸರ್ ಗುಲಬರ್ಗಾದಲ್ಲಿ ಸಣ್ಣ ಕಂಪನಿ ಇಟ್ಟುಕೊಂಡಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ, ಡಿಪ್ಲೊಮಾ ಮುಗಿಸಿದ್ದ ನಾನು ಶಹಾಬಾದಿನಿಂದ ರೈಲು ಹತ್ತಿ ಹೋಗಿ ಅವರ ಮುಂದೆ ಕೂತೆ. ನನ್ನ ಅಂಕಪಟ್ಟಿಯನ್ನು ಅವರು ಮುಟ್ಟಲೇ ಇಲ್ಲ.

"ಏಣಿ ಹತ್ತಲಿಕ್ಕೆ ಬರ್ತದೇನು?" ಎಂದರು.

"ಬರ್ತದ್ರಿ."

"ಇಳೀಲಿಕ್ಕೆ?"

"ಹತ್ತಿದ ಮ್ಯಾಲೆ ಇಳೀಲೇಬೇಕಲ್ರಿ ಸರ್."

"ಹಂಗಲ್ಲ. ನಮ್ಮ ಹಿಂದಿನಾಂವ ವಾಡಿಯೊಳಗ ನೀರಿನ ಟಾಕಿ ಹತ್ತಿದ. ಮ್ಯಾಲೆ ಹೋಗಿ ಕೂತು ಅಳ್ಲಿಕ್ಕೆ ಶುರು ಮಾಡಿದ. ಇಳಸ್ಲಿಕ್ಕೆ ಅರ್ಧ ಓಣಿ ಮಂದಿ ಬೇಕಾತು. ಅದಕ್ಕ ಕೇಳ್ಲಿಕ್ಕತ್ತೀನಿ."

ಇಳಿಯುತ್ತೇನೆ ಎಂದು ಮಾತು ಕೊಟ್ಟೆ, ಕೆಲಸ ಸಿಕ್ಕಿತು.

ಸರ್ ಅವರದು ವೈಷ್ಣವ ಮನೆತನ, ಮನೆಯಲ್ಲಿ ಪೂಜೆ ಪುನಸ್ಕಾರ ಕಟ್ಟುನಿಟ್ಟು. ಮಡಿಯಲ್ಲಿದ್ದಾಗ ಯಾರೂ ಹತ್ತಿರ ಸುಳಿಯಬಾರದು ಎಂಬ ನಿಯಮವನ್ನು ಅವರು ದೇವರ ಮನೆಯಿಂದ ಎತ್ತಿ ತಂದು ಸರ್ವೆಗೂ ಹಚ್ಚಿಬಿಟ್ಟಿದ್ದರು. ಅಳತೆ ನಡೆಯುವಾಗ ಜನ ಓಡಾಡಬಾರದು, ಲಾರಿ ನಿಲ್ಲಬಾರದು, ಸಾಮಾನು ಅಡ್ಡ ಇರಬಾರದು. "ಜಾಗಾ ಖಾಲಿ ಇದ್ರ ಶುದ್ಧ ರೀಡಿಂಗ್ ಬರ್ತದ ನೋಡ್ರಿ ಶಕುಂತಲಾಬಾಯಿ" ಎಂದು ನನಗೆ ಹೇಳುವರು. ಹೀಗಾಗಿ ಪಂಚಾಂಗವನ್ನೂ ಕಾರ್ಖಾನೆಯ ರಜೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ದಿನ ಗೊತ್ತು ಮಾಡುವರು. ರಜೆಯ ದಿನ ನಾವು ಹೋದ ಹೊತ್ತಿಗೆ ರಾಹುಕಾಲವಿದ್ದರೆ, ಅದು ಮುಗಿಯುವವರೆಗೆ ಗೇಟಿನ ಹೊರಗೆ ಕೂತು ಮನೆಯಿಂದ ತಂದ ಹಚ್ಚಿದ ಅವಲಕ್ಕಿ ತಿನ್ನುವರು. ಆ ಅವಲಕ್ಕಿಯಲ್ಲಿ ನನಗೂ ಪಾಲಿತ್ತು. ಅದಕ್ಕೇ ನಾನು ರಾಹುಕಾಲದ ವಿಷಯದಲ್ಲಿ ಎಂದೂ ಎದುರಾಡಲಿಲ್ಲ.

ಆಗ ನಮ್ಮದು ಕೈಯಲ್ಲಿ ಹಿಡಿಯುವ ವಾಕಿ-ಟಾಕಿಗಳ ಕೆಲಸ. ಶಹಾಬಾದ್ ಸುತ್ತ ಕಲ್ಲಿನ ಖಣಿಗಳು. ಮೇಲೆ ಕೂತು ಲೆಕ್ಕ ಬರೆಯುವ ಮುನಶಿ ಕೆಳಗೆ ಖಣಿಯೊಳಗಿರುವ ಮೇಸ್ತ್ರಿಯ ಜೊತೆ ಮಾತಾಡಬೇಕು. ಅಳೆಯಲು ಯಂತ್ರ ಗಿಂತ್ರ ಏನಿಲ್ಲ. ಸರ್ ಒಂದು ಸೆಟ್ಟು ಹಿಡಿದು ಮುನಶಿಯ ಪಕ್ಕ ಕೂರುವರು, ನಾನು ಇನ್ನೊಂದು ಹಿಡಿದು ಮಾತಾಡುತ್ತಲೇ ಖಣಿಗೆ ಇಳಿಯಬೇಕು. ಎಲ್ಲಿ ನನ್ನ ಮಾತು ಕಡಿಯುತ್ತದೋ ಅಲ್ಲಿ ಅವರು ನಕ್ಷೆಯಲ್ಲಿ ಗುರುತು ಹಾಕುವರು. ಬಾಯಿ ಬಿಡದೆ ಕೆಲಸ ಮಾಡಿ ಎಂದು ಎಲ್ಲ ಕಡೆ ಹೇಳುತ್ತಾರೆ, ನಮ್ಮಲ್ಲಿ ಬಾಯಿ ಮುಚ್ಚಿದರೆ ಕೆಲಸ ನಿಂತಂತೆ.

ಏನಂತ ಮಾತಾಡುವುದು? ಮೊದಲು ಅಂಕಿ ಎಣಿಸಿದೆ, ಬೇಸರ ಬಂತು. ಮಗ್ಗಿ ಹೇಳಿದೆ, ಹದಿನೇಳರಲ್ಲಿ ತಪ್ಪಿತು. ಕೊನೆಗೆ ಹಿಂದಿನ ದಿನ ಮಾಡಿದ ಪುಂಡಿಪಲ್ಯದ ಕಥೆ ಹೇಳುತ್ತ ಇಳಿಯತೊಡಗಿದೆ. ಪುಂಡಿಯ ಸೊಪ್ಪು ಬಿಡಿಸಿದ್ದು, ಬೇಳೆ ಬೇಯಿಸಿದ್ದು, ಒಗ್ಗರಣೆಗೆ ಬಳ್ಳೊಳ್ಳಿ ಜಜ್ಜಿದ್ದು. ಅರ್ಧ ಇಳಿದಿರಬೇಕು, ಸೆಟ್ಟಿನಲ್ಲಿ ಸರ್ ಅವರ ದನಿಯ ಬದಲು ಮುನಶಿಯ ದನಿ ಬಂತು.

"ಅಕ್ಕಾರ, ಜರಾ ಹಿಂದಕ್ಕ ಬರ್ರಿ. ಖಾರ ಯಾವಾಗ ಹಾಕಿದ್ರಿ ಅಂಬೋದು ನಡುವ ಕಡದೋಯ್ತು."

ಸರ್ ಅವರ ಕೈಯಿಂದ ಆತ ಸೆಟ್ಟು ಕಸಿದುಕೊಂಡಿದ್ದ. ನಾನು ಎರಡು ಹೆಜ್ಜೆ ಹಿಂದೆ ಬಂದು ಖಾರದ ವಿಷಯ ಮತ್ತೆ ಹೇಳಿದೆ. ಸರ್ ಸಿಟ್ಟಾದರು, ಆದರೆ ಮಾತು ಕಡಿದ ಜಾಗ ಅಷ್ಟು ಖಚಿತವಾಗಿ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆ ಖಣಿಯ ನಕ್ಷೆಯಲ್ಲಿ ಒಂದು ಕಡೆ ಸರ್ ಅವರ ಅಚ್ಚುಕಟ್ಟಾದ ಅಕ್ಷರದಲ್ಲಿ 'ಖಾರ' ಎಂದು ಬರೆದಿತ್ತು. ಮಾಲೀಕರು ಅದರ ಅರ್ಥ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ವೈ-ಫೈ ಕೊಡುವ ಬಿಳಿ ಡಬ್ಬಿಗಳು ಬಂದವು, ಲ್ಯಾಪ್‌ಟಾಪ್ ಬಂತು. ಬಾಯಿಗೆ ವಿಶ್ರಾಂತಿ ಸಿಕ್ಕಿತು. ಡಬ್ಬಿಯನ್ನು ಒಂದು ಕಡೆ ಹಂಗಾಮಿಯಾಗಿ ಕಟ್ಟಿ, ಲ್ಯಾಪ್‌ಟಾಪ್ ತೆರೆದು ಹಿಡಿದು ನಡೆದರೆ ಪರದೆಯಲ್ಲಿ ಸಿಗ್ನಲ್ ತೋರಿಸುವ ಗೆರೆಗಳು ಏರಿಳಿಯುತ್ತವೆ. ನಾನು ಒಂದು ಹಲಗೆಗೆ ಪಟ್ಟಿ ಕಟ್ಟಿ ಕೊರಳಿಗೆ ನೇತು ಹಾಕಿಕೊಂಡು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿರುಗುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವರು ಹಾಗೇ ತಿರುಗುತ್ತಾರೆ. ಭಂಕೂರದಲ್ಲಿ ಒಂದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಅಳೆಯುವಾಗ ಒಬ್ಬ ಅಜ್ಜ ಬೆಳಗಿನಿಂದ ನಮ್ಮ ಬೆನ್ನು ಬಿದ್ದ. ಆ ಕಡೆ ಅಳತೆಯವರು ಬಂದರೆಂದರೆ ಯಾರದೋ ಹೊಲ ಕಾರ್ಖಾನೆಗೆ ಹೋಗುತ್ತದೆ ಎಂದೇ ಲೆಕ್ಕ. ಹೊಲಕ್ಕೂ ನಮಗೂ ಸಂಬಂಧವಿಲ್ಲ ಎಂದು ಸರ್ ಸಮಾಧಾನದಿಂದ ತಿಳಿಸಿ ಹೇಳಿದರು. ಅಜ್ಜ ಎಲ್ಲ ಕೇಳಿ ನಿಟ್ಟುಸಿರುಬಿಟ್ಟ. "ಹೋಗಂಗಿಲ್ಲಂದ್ರ ಬ್ಯಾಡ ಬಿಡ್ರಿ. ರೇಟ್ ಏನರ ಚೊಲೋ ನಡದದೇನೋ ಅಂತ ಕೇಳ್ಲಿಕ್ಕ ಬಂದಿದ್ದೆ" ಎಂದು ಹೊರಟುಹೋದ.

ಚಿಂಚೋಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಆದದ್ದು ಇನ್ನೊಂದು. ಅಂಗಡಿಗೆ ರಜೆಯೇ ಇರಲಿಲ್ಲ, ಸರ್ ಗೊಣಗಿಕೊಂಡೇ ಬಂದರು. ಗೋಡೆ ತುಂಬ ಆಳೆತ್ತರದ ಕನ್ನಡಿಗಳು. ನಾನು ಹಲಗೆ ಕೊರಳಿಗೆ ಹಾಕಿಕೊಂಡು ಸೀರೆಗಳ ನಡುವೆ ನಡೆಯುತ್ತಿದ್ದಾಗ ಗಡಿಯಾಚೆಯ ಊರಿನಿಂದ ಬಂದಿದ್ದ ಒಬ್ಬ ಹೆಂಗಸು ನನ್ನ ಪರದೆಯೊಳಗೆ ಇಣುಕಿ, "ಅಮ್ಮಾ, ಈ ಹಸರು ಸೀರಿ ನನಗ ಒಪ್ತದಂತ ತೋರಸ್ತದೇನಮ್ಮಾ ಇದ್ರಾಗ?" ಎಂದಳು. ಗೆರೆಗಳು ಆಗ ತುಂಬ ಎತ್ತರದಲ್ಲಿದ್ದವು. ಒಪ್ತದೆ ಎಂದೆ. ಆಕೆ ತಗೊಂಡಳು, ಆಕೆಯ ತಂಗಿಯೂ ಬಂದು ಕೇಳಿದಳು. ಸಂಜೆ ಅಂಗಡಿಯವರು ಡಬ್ಬಿಯ ವಿಚಾರ ಬಿಟ್ಟು ನನ್ನನ್ನು ಕೆಲಸಕ್ಕೆ ಕೇಳಿದರು. ಕನ್ನಡಿಯ ಬೆನ್ನಿಗೆ ಬಳಿದ ಲೋಹ ಸಿಗ್ನಲನ್ನು ತಡೆಯುತ್ತದೆ ಎಂದು ನಾವು ಅಲ್ಲಿ ಕಲಿತೆವು. ಅಂಗಡಿ ಎಂದರೆ ಗೋಡೆ ಮಾತ್ರವಲ್ಲ, ಒಳಗಿನ ಸರಂಜಾಮು ಮತ್ತು ಮಂದಿಯೂ ಹೌದು ಎಂದು ನನಗೆ ಅನ್ನಿಸಿತು. ಸರ್ ಮಾತ್ರ ಇನ್ನು ಮುಂದೆ ಬಾಗಿಲು ಮುಚ್ಚದ ಜಾಗಕ್ಕೆ ಕಾಲಿಡುವುದೇ ಇಲ್ಲ ಎಂದು ಗಟ್ಟಿ ಮಾಡಿಕೊಂಡರು.

ಚಿತ್ತಾಪುರಕ್ಕೆ ನಾವು ಹೋದದ್ದು ಈ ಮನಃಸ್ಥಿತಿಯಲ್ಲಿ.

ಬಸಣ್ಣ ಸಾಹುಕಾರರ ದಾಲ್ ಮಿಲ್ಲು ಊರ ಹೊರಗೆ ಕಾಳಗಿ ರಸ್ತೆಯಲ್ಲಿತ್ತು. ಮುಂದೆ ಆಫೀಸು, ಹಿಂದೆ ಗೋದಾಮು, ನಡುವೆ ದೊಡ್ಡ ಅಂಗಳ, ಅಂಗಳದ ಬದಿಗೆ ನೀರಿನ ಟಾಕಿ. ಗೋದಾಮಿನ ಹಿಂಗೋಡೆಗೆ ಹತ್ತಿಸಿದ ಮೇಜಿನಲ್ಲಿ ಮಹಿಬೂಬ ಪಟೇಲರು ಕೂರುತ್ತಿದ್ದರು. ಸಾಹುಕಾರರ ತಂದೆಯ ಕಾಲದಿಂದ ಗೋದಾಮಿನ ಕೀಲಿಕೈ ಅವರ ಸೊಂಟದಲ್ಲಿತ್ತು. ಎಲ್ಲರಿಗೂ ಅವರು ಚಾಚಾ. ಲಾರಿ ಮಾಲು ಇಳಿಸಿದರೂ ತುಂಬಿಕೊಂಡು ಹೋದರೂ ಚಾಚಾ ಚೀಟಿ ಹಿಡಿದು ಅಂಗಳ ದಾಟಿ ಆಫೀಸಿಗೆ ತಂದು ಕೊಡಬೇಕು. ಫೋನಿನಲ್ಲಿ ಹೇಳಿದ ಲೆಕ್ಕವನ್ನು ಸಾಹುಕಾರರು ಲೆಕ್ಕವೆಂದೇ ಒಪ್ಪುತ್ತಿರಲಿಲ್ಲ. ಇತ್ತ ಚಾಚಾರ ಮೊಣಕಾಲುಗಳು ಕೈಕೊಟ್ಟಿದ್ದವು. ಅವರು ಅಂಗಳ ದಾಟುವುದರೊಳಗೆ ಲಾರಿ ಡ್ರೈವರು ಊಟ ಮಾಡಿ ಒಂದು ನಿದ್ದೆ ತೆಗೆಯುತ್ತಿದ್ದ.

ಆಫೀಸಿನಲ್ಲಿ ಸಾಹುಕಾರರ ಜೊತೆ ಅವರ ಅಣ್ಣನ ಮಗ ವೀರೇಶ ಕೂರುತ್ತಿದ್ದ. ಮಿಲ್ಲಿನಲ್ಲಿ ಅರ್ಧ ಪಾಲು ಅವನದು. ಕೆಟ್ಟ ಹುಡುಗನಲ್ಲ, ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಚಾಚಾರನ್ನು ಗೌರವದಿಂದ ಮನೆಗೆ ಕಳಿಸಿ, ಕಾಲು ಗಟ್ಟಿ ಇರುವವರನ್ನು ಇಡೋಣ ಎನ್ನುತ್ತಿದ್ದ. ಸಾಹುಕಾರರಿಗೆ ಅದು ಬೇಡ, ಆದರೆ ಬೇಡ ಎನ್ನಲು ಕಾರಣವೂ ಇಲ್ಲ. ತಂತಿ ಎಳೆಸಿ ನೋಡಿದರು, ಮಿಲ್ಲಿನ ಇಲಿಗಳು ಅದನ್ನು ಕಡಿದು ಹಾಕಿದವು. ಆಮೇಲೆ ಯಾರೋ ನಮ್ಮ ಹೆಸರು ಹೇಳಿದರು. ನಮ್ಮ ಎದುರಿಗೇ ಕಾಕಾ ಮತ್ತು ಅಣ್ಣನ ಮಗನ ನಡುವೆ ಒಪ್ಪಂದವಾಯಿತು.

"ನೋಡು ವೀರೇಶ, ಈ ಸುಗ್ಗಿ ಇವರ ಡಬ್ಬಿ ಹಚ್ಚಿ ನೋಡೂಣು. ಪಟೇಲ ಕುಂತಲ್ಲಿಂದ ಲೆಕ್ಕ ನನ್ನ ಟೇಬಲಿಗಿ ಬಂತಂದ್ರ ಅಂವ ಇರ್ಲಿ. ಬರ್ಲಿಲ್ಲಂದ್ರ ನೀ ಹೇಳ್ದಂಗ. ಇದು ನನ್ನ ಮಾತು."

"ಆಯ್ತು ಕಾಕಾ" ಎಂದ ವೀರೇಶ.

ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಾಚಾ ಎಲ್ಲ ಕೇಳಿಸಿಕೊಂಡರು. ನಾವು ಹೊರಗೆ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು, "ಬೇಟಿ, ನಿನ್ನ ಡಬ್ಬಿ ಮಜಬೂತ ಅದ ಅಲ್ಲಾ?" ಎಂದರು. ಮನೆಯಲ್ಲಿ ಮದುವೆಗೆ ಬಂದ ಮೊಮ್ಮಗಳಿದ್ದಾಳೆ ಎಂದೂ ಹೇಳಿದರು. ಅಲ್ಲಿಯವರೆಗೆ ನಮ್ಮ ಡಬ್ಬಿ ಕೆಟ್ಟರೆ ಯಾರಿಗೂ ಬೈಗುಳಕ್ಕಿಂತ ಹೆಚ್ಚಿನ ನಷ್ಟವಿರಲಿಲ್ಲ.

ಸರ್ ಪಂಚಾಂಗ ತೆಗೆದು ಸರ್ವೆಗೆ ಎಳ್ಳಮಾವಾಸ್ಯೆಯ ದಿನವನ್ನೇ ಆರಿಸಿದರು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆದ ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಹೊಲದಲ್ಲೇ ಎಲ್ಲರೂ ಕೂತು ಉಣ್ಣುತ್ತಾರೆ. ಮಿಲ್ಲು ಬಂದ್, ಹಮಾಲರು ಇಲ್ಲ, ಲಾರಿ ಇಲ್ಲ. ಹಳೆಯ ತೊಗರಿ ಮುಗಿದಿತ್ತು, ಹೊಸದು ಇನ್ನೂ ಹೊಲದಲ್ಲಿತ್ತು. ಗೋದಾಮು ಗುಡಿಸಿಟ್ಟ ಕಲ್ಯಾಣ ಮಂಟಪದಂತೆ ಖಾಲಿ. ಇಷ್ಟು ಮಡಿಯಾದ ಜಾಗ ಸರ್ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಆಫೀಸಿನ ಕಿಟಕಿಯ ಮೇಲೆ ಹೊರಗೋಡೆಗೆ ಡಬ್ಬಿ ಕಟ್ಟಿದೆವು. ನಾನು ಹಲಗೆ ಹಾಕಿಕೊಂಡು ಅಂಗಳ ದಾಟಿದೆ, ಟಾಕಿಯ ಬಳಿ ನಿಂತೆ, ಗೋದಾಮಿನ ಬಾಗಿಲು ಹೊಕ್ಕೆ, ಚಾಚಾರ ಮೇಜಿನವರೆಗೆ ಹೋದೆ. ಗೆರೆಗಳು ಎಲ್ಲಿಯೂ ಬಗ್ಗಲಿಲ್ಲ. ಎರಡು ಡಬ್ಬಿ ಬೇಕಾದೀತು ಎಂದುಕೊಂಡು ಬಂದಿದ್ದ ಸರ್ ಒಂದೇ ಸಾಕು ಎಂದರು.

"ಸರ್, ಇನ್ನ ಮಾಲ್ ಬರ್ತದಲ್ರಿ. ಚೀಲ ಅಡ್ಡ ಆಗಂಗಿಲ್ಲೇನ್ರಿ?" ಎಂದೆ.

"ತೊಗರಿ ಏನು ಕಬ್ಬಿಣ ಅದ ಏನ್ರಿ?" ಎಂದರು ಸರ್.

ಅಷ್ಟರಲ್ಲಿ ಸಾಹುಕಾರರ ಹೊಲದಿಂದ ಬುತ್ತಿ ಬಂತು. ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ. ಸರ್ ಹೊರಗಿನದು ಮುಟ್ಟುವುದಿಲ್ಲವಾದ್ದರಿಂದ ನಾನೂ ಚಾಚಾನೂ ಗೋದಾಮಿನ ಹೊಸ್ತಿಲಲ್ಲಿ ಕೂತು ತಿಂದೆವು. ಅಂಥ ಭಜ್ಜಿ ಎದುರಿಗಿದ್ದಾಗ ತೊಗರಿಯ ಬಗ್ಗೆ ವಾದ ಮಾಡುವವರು ಯಾರಿದ್ದಾರ್ರಿ?

ಡಬ್ಬಿ ಕೂತಿತು. ಚಾಚಾರಿಗೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಒಂದೇ ಬೆರಳಿನಿಂದ ಚೀಲದ ಲೆಕ್ಕ ಒತ್ತುವುದನ್ನು ಅವರು ಕಲಿತರು. ಒತ್ತಿದ ಮೇಲೆ ಪರದೆಗೆ ಕೈಯೆತ್ತಿ ಸಲಾಮು ಮಾಡುತ್ತಿದ್ದರು, ಲೆಕ್ಕ ಸುಖವಾಗಿ ಹೋಗಿ ಮುಟ್ಟಲಿ ಎಂದು. ಸುಗ್ಗಿ ಶುರುವಾಯಿತು. ಸಾಹುಕಾರರು ಆಗಾಗ ಫೋನು ಮಾಡಿ, "ಲೆಕ್ಕ ಟೈಮಿಗಿ ಬರ್ಲಿಕತ್ತದ್ರಿ, ನಿಮ್ಮ ಡಬ್ಬಿ ಏಕ್ ನಂಬರ್" ಎನ್ನುವರು. ಆ ಮಾತು ಸೇಡಮ್ಮಿನವರೆಗೆ ಹೋಗಿ ಅಲ್ಲಿಂದ ಇಬ್ಬರು ಗಿರಣಿಯವರು ಸರ್ ಅವರನ್ನು ಹುಡುಕಿಕೊಂಡು ಬಂದರು. ಸರ್ ನೆಲದ ಮೇಲೆ ನಡೆಯುವುದು ಕಡಿಮೆಯಾಯಿತು.

ಒಂದು ದಿನ ನಾಲವಾರದ ಕೆಲಸ ಮುಗಿಸಿಕೊಂಡು ಬರುವಾಗ, ಡಬ್ಬಿ ಹೇಗಿದೆ ನೋಡಿಕೊಂಡು ಹೋಗೋಣ ಎಂದು ಮಿಲ್ಲಿಗೆ ಹೋದೆವು. ಸಾಹುಕಾರರು ಸರ್ ಅವರನ್ನು ಕೂರಿಸಿಕೊಂಡು ಹೊಗಳತೊಡಗಿದರು. ನಾನು ಚಾಚಾರನ್ನು ಮಾತಾಡಿಸಲು ಗೋದಾಮಿಗೆ ಹೋದೆ. ಎಳ್ಳಮಾವಾಸ್ಯೆಯಂದು ನೋಡಿದ ಜಾಗ ಅದೇ ಎಂದು ನಂಬುವುದೇ ಕಷ್ಟವಾಯಿತು. ಮಾಡಿನವರೆಗೆ ಚೀಲದ ಮೇಲೆ ಚೀಲ ಒಟ್ಟಿ ಥಪ್ಪಿ ಹಚ್ಚಿದ್ದರು. ನಡುವೆ ಒಬ್ಬ ಹಮಾಲ ಚೀಲ ಹೊತ್ತು ಹೋಗುವಷ್ಟು ದಾರಿ. ಕೊನೆಯಲ್ಲಿ ಚಾಚಾರ ಮೇಜಿತ್ತು, ಚಾಚಾ ಇರಲಿಲ್ಲ, ಲ್ಯಾಪ್‌ಟಾಪೂ ಇರಲಿಲ್ಲ.

"ಚಾಚಾ ಎಲ್ಲಿ?" ಎಂದು ಹಮಾಲರ ಮುಂದಾಳು ಶರಣಪ್ಪನನ್ನು ಕೇಳಿದೆ.

"ನೀರು ಕುಡೀಲಿಕ್ಕ ಹೋಗ್ಯಾರ್ರಿ" ಎಂದು ಆತ ಬೇರೆ ಕಡೆ ನೋಡಿದ.

ನೀರಿನ ಟಾಕಿಯ ಹಿಂದೆ ಹೋದೆ. ಚಾಚಾ ಟಾಕಿಯ ಕಬ್ಬಿಣದ ಮೆಟ್ಟಿಲುಗಳ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ ಕೂತಿದ್ದರು. ಗೋಣಿಚೀಲ ಸುತ್ತಿದ ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ ಆಕಾಶಕ್ಕೆ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ತಡಕಾಡಿ ಲೆಕ್ಕ ಒತ್ತುತ್ತಿದ್ದರು. ನನ್ನನ್ನು ನೋಡಿ ಸಲಾಮು ಮಾಡಲು ಹೋಗಿ ಎರಡೂ ಕೈ ಖಾಲಿ ಇಲ್ಲದೆ ಬರೀ ತಲೆ ಆಡಿಸಿದರು.

"ಥಪ್ಪಿ ತಲಿ ಮ್ಯಾಲ ಹೋದ ದಿನಾನೇ ನಿನ್ನ ಸಿಗ್ನಲ್ ಹೋಯ್ತು ಬೇಟಿ" ಎಂದರು. "ಟಾಕಿ ಬಾಜೂಕ ಸಿಗ್ತಿತ್ತು, ಅಲ್ಲೇ ನಿಂತು ಕಳಸ್ತಿದ್ದೆ. ಈಗ ಸ್ವಲ್ಪ ದಿನ ಆಯ್ತು, ಅಲ್ಲಿನೂ ಸಿಗಂಗಿಲ್ಲ. ಮ್ಯಾಲ ಹತ್ತಬೇಕು. ಹಮಾಲರು ಹತ್ತಿಸಿ ಹೋಗ್ತಾರ, ಬಂದು ಇಳಸ್ತಾರ. ಸಾವಕಾರ್ರಿಗೆ ಹೇಳಬ್ಯಾಡ. ಅವರು ಮಾತು ಕೊಟ್ಟಾರ, ತಪ್ಪಂಗಿಲ್ಲ."

ನಡೆಯಲಾಗದ ಮನುಷ್ಯ ನಡೆಯಬಾರದೆಂದು ನಾವು ತಂದಿಟ್ಟ ಡಬ್ಬಿ, ಅವರನ್ನು ಟಾಕಿ ಹತ್ತಿಸಿತ್ತು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಶರಣಪ್ಪನನ್ನು ಕೂಗಿ ಅವರನ್ನು ಇಳಿಸಿದೆ.

ಸರ್ ಅವರನ್ನು ಹೊರಗೆ ಕರೆದು ಹೇಳಿದಾಗ ಅವರು ಮೊದಲು ನಂಬಲಿಲ್ಲ. ಲ್ಯಾಪ್‌ಟಾಪ್ ತಗೊಂಡು ತಾವೇ ಹೋದರು. ಚಾಚಾರ ಮೇಜಿನ ಬಳಿ ಒಂದು ಗೆರೆಯೂ ಇಲ್ಲ. ಟಾಕಿಯ ಬಳಿಯೂ ಇಲ್ಲ. ತೊಗರಿಯಲ್ಲೂ ಒಂದಿಷ್ಟು ತೇವ ಇರುತ್ತದೆ, ಅಷ್ಟು ಚೀಲ ಒಟ್ಟಿದರೆ ಅದೂ ಗೋಡೆಯೇ. ಸರ್ ತಮ್ಮ ಬಣ್ಣಬಣ್ಣದ ನಕ್ಷೆಯನ್ನು ಬಿಡಿಸಿ ನೋಡಿದರು, ಮಡಚಿದರು, ಮತ್ತೆ ಬಿಡಿಸಿದರು.

"ಶಕುಂತಲಾಬಾಯಿ, ಸಾಹುಕಾರ್ರಿಗೆ ಇದು ತಿಳೀಬಾರ್ದು. ನಮ್ಮ ಮರ್ಯಾದಿ ಪ್ರಶ್ನೆ" ಎಂದರು. ಆಮೇಲೆ ನಕ್ಷೆಯನ್ನು ಕಂಕುಳಿಗೆ ಸೇರಿಸಿ, "ಮತ್ತ ಆ ಮನುಷ್ಯಾನ ಅನ್ನದ ಪ್ರಶ್ನೆ. ಅದನ್ನ ಮೊದಲು ಹೇಳಬೇಕಾಗಿತ್ತು" ಎಂದರು.

ಸರ್ವಿಸಿಂಗ್ ಎಂದು ಹೇಳಿ ಮರುದಿನವೇ ಏಣಿ, ಇನ್ನೊಂದು ಡಬ್ಬಿ ತಂದೆವು. ನಮ್ಮ ಸರ್ ಆ ದಿನ ಮಾಡಿದ ಸರ್ವೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೊರಗೆ ಲಾರಿಗಳು, ಒಳಗೆ ಹಮಾಲರ ಸಾಲು, ಗೋದಾಮಿನ ತುಂಬ ತೊಗರಿಯ ಧೂಳು. ಸರ್ ಹಲಗೆಯನ್ನು ತಾವೇ ಕೊರಳಿಗೆ ಹಾಕಿಕೊಂಡು ಆ ಸಂದಿಯಲ್ಲಿ ನಿಂತರು. ಬೆವೆತ ಮೈಯ ಹಮಾಲರು ಒಬ್ಬೊಬ್ಬರೇ ಅವರಿಗೆ ಉಜ್ಜಿಕೊಂಡು ದಾಟಿದರು. "ಬಾಜೂಕ ಸರೀರಿ ಸಾಹೇಬ್ರ" ಎಂದವರಿಗೆ ಸರಿದರು, "ಈ ಕಡಿ ಬ್ಯಾಡ್ರಿ" ಎಂದವರಿಗೆ ಆ ಕಡೆ ಹೋದರು. ಹಣೆಯ ಅಂಗಾರ-ಅಕ್ಷತೆ ಧೂಳಿನಲ್ಲಿ ಮುಚ್ಚಿಹೋಯಿತು. ಅದರಲ್ಲೇ ರಾಹುಕಾಲ ಬಂದು ಹೋಯಿತು, ಅವಲಕ್ಕಿಯ ಡಬ್ಬಿ ತೆರೆಯಲಿಲ್ಲ. ಮೊದಲ ಬಾರಿಗೆ ಅವರು ಹಮಾಲರನ್ನು ನಿಲ್ಲಿಸಿ, ಥಪ್ಪಿ ಇನ್ನೂ ಎಷ್ಟು ಏರುತ್ತದೆ, ಯಾವ ದಾರಿ ಯಾವಾಗಲೂ ಖಾಲಿ ಇರುತ್ತದೆ ಎಂದು ಕೇಳಿದರು. ಆ ದಾರಿಯ ನೆತ್ತಿಗೆ, ಮಾಡಿನ ಕಬ್ಬಿಣದ ತೊಲೆಗೆ ಎರಡನೇ ಡಬ್ಬಿ ಕಟ್ಟುವುದು ಎಂದಾಯಿತು. ಕಿಟಕಿಯ ಮೇಲಿನ ಡಬ್ಬಿ ಅದಕ್ಕೆ ಸಿಗ್ನಲ್ ಕೊಡಬೇಕು, ಅದು ಚಾಚಾರ ಮೇಜಿಗೆ ಕೊಡಬೇಕು.

ಆದರೆ ಕಿಟಕಿಯ ಡಬ್ಬಿಯಿಂದ ಗೋದಾಮಿನ ಬಾಗಿಲವರೆಗೂ ಸರಿಯಾಗಿ ಏನೂ ಬರುತ್ತಿರಲಿಲ್ಲ. ಅಂಗಳದಲ್ಲಿ ಯಾವ ಗೋಡೆಯೂ ಎದ್ದಿಲ್ಲವಲ್ಲ ಎಂದು ಸರ್ ಕಣ್ಣುಜ್ಜಿಕೊಂಡು ನೋಡಿದರು. ಎದ್ದಿತ್ತು. ಆಫೀಸಿನ ಕಿಟಕಿಗೆ ಅಡ್ಡವಾಗಿ, ಡಬ್ಬಿಯನ್ನೂ ಮುಚ್ಚುವಷ್ಟು ಎತ್ತರಕ್ಕೆ, ಬಯಲಿನಲ್ಲಿ ತೊಗರಿ ಚೀಲದ ಒಂದು ಥಪ್ಪಿ ನಿಂತಿತ್ತು. ಮೇಲೆ ತಾಡಪತ್ರಿ ಹೊದಿಸಿದ್ದರು. ಯಾವ ಗಿರಣಿಯವರೂ ಬಯಲಿನಲ್ಲಿ ಅಷ್ಟು ಮಾಲು ಇಡುವುದಿಲ್ಲ.

"ಸಾಹುಕಾರ್ರ, ಆ ಥಪ್ಪಿ ಸ್ವಲ್ಪ ತೆಗಸ್ರಿ" ಎಂದರು ಸರ್, ಆಫೀಸಿಗೆ ಹೋಗಿ.

"ಅದನ್ನ ಮುಟ್ಟಬ್ಯಾಡ್ರಿ."

"ಮಳಿ ಬಂದ್ರ ಮಾಲ್ ತೊಯ್ತದಲ್ರಿ."

"ತೊಯ್ಲಿ ಬಿಡ್ರಿ."

ವೀರೇಶ ತಲೆಯೆತ್ತಿದ. "ನಾನೂ ಅದೇ ಹೇಳ್ಲಿಕತ್ತೀನಿ ಕಾಕಾ. ಆಫೀಸಿನ್ಯಾಗ ಗಾಳಿನೇ ಇಲ್ದಂಗಾಗ್ಯದ."

"ಬಿಸಲು ಬರ್ತದಪಾ, ಕಣ್ಣಿಗಿ ಹೊಡೀತದ" ಎಂದರು ಸಾಹುಕಾರರು. ಆ ಕಿಟಕಿ ಇದ್ದದ್ದು ಉತ್ತರಕ್ಕೆ. ಸುಗ್ಗಿಯ ಆ ತಿಂಗಳುಗಳಲ್ಲಿ ಅದರೊಳಗೆ ಬಿಸಿಲು ಇಣುಕಿರಲಾರದು.

ನಾನು ಏಣಿ ಎತ್ತಿಕೊಳ್ಳಲು ಹೊರಗೆ ಬಂದಾಗ ಸಾಹುಕಾರರು ಹಿಂದೆಯೇ ಬಂದರು. ಲಾರಿ ತೂಗುವ ಕಾಟಾದ ಬಳಿಗೆ ಕರೆದುಕೊಂಡು ಹೋದರು.

"ಬಾಯಿ, ನಿಮಗೊಂದು ಹೇಳ್ತೀನಿ. ನಿಮ್ಮ ಸಾಹೇಬ್ರಿಗೂ ಹೇಳಬ್ಯಾಡ್ರಿ. ನಿಮ್ಮ ಡಬ್ಬಿ ನಡ್ಯಾಂಗಿಲ್ಲ ಅಂಬೋದು ನನಗ ಗೊತ್ತದ."

ಅವರು ಒಮ್ಮೆ ಆಫೀಸಿನ ಬಾಗಿಲ ಕಡೆ ತಿರುಗಿ ನೋಡಿದರು.

"ನನ್ನ ಕುರ್ಚಿ ಆ ಕಿಟಕಿ ಮುಂದ. ಪಟೇಲ ಗೋಣಿಚೀಲದಾಗ ಕೂಸಿನ್ನ ಹಿಡಕೊಂಡಂಗ ಅದನ್ನ ಹಿಡಕೊಂಡು ಟಾಕಿ ಬಾಜೂಕ ನಿಂತಿದ್ದು ಮೊದಲ ದಿನಾನೇ ನೋಡೀನಿ. ಹುಡುಗ ನೋಡಿದ್ರ ಮುಗೀತು, ನಾ ಮಾತು ಕೊಟ್ಟೀನಿ. ಅದಕ್ಕ ಅವನಿಗಿ ಕಾಣಬಾರ್ದಂತ ಥಪ್ಪಿ ಹಚ್ಚಿಸೀನಿ."

ಆಗ ನನಗೆ ಎಲ್ಲವೂ ಹೊಳೆಯಿತು. ಹೇಳಬಾರದಿತ್ತೇನೋ, ಬಾಯಿ ತಡೆಯಲಿಲ್ಲ. "ಸಾವಕಾರ್ರ, ಟಾಕಿ ಬಾಜೂಕ ಸಿಗ್ತಿದ್ದ ಸಿಗ್ನಲ್ ನಿಮ್ಮ ಥಪ್ಪಿಯಿಂದ ನಿಂತದರಿ. ಅದಕ್ಕ ಚಾಚಾ ಈಗ ಟಾಕಿ ಮ್ಯಾಲ ಹತ್ತಲಿಕತ್ತಾರ."

"ಹತ್ತಲಿಕತ್ತಾನ?" ಸಾಹುಕಾರರು ಕಾಟಾದ ಅಂಚಿನ ಮೇಲೆ ಕೂತುಬಿಟ್ಟರು. "ಆ ಕಾಲ ತಗೊಂಡು?"

ಅವರ ಮುಖ ನೋಡಲಾಗಲಿಲ್ಲ. ಥಪ್ಪಿಯನ್ನು ಈಗಲೇ ತೆಗೆದರೆ ವೀರೇಶನಿಗೆ ಅಂಗಳದಲ್ಲಿ ನಮ್ಮ ಪರದಾಟವೆಲ್ಲ ಕಾಣುತ್ತದೆ. ಹಾಗಾಗಿ ಥಪ್ಪಿ ಇರಲಿ, ಡಬ್ಬಿಯನ್ನೇ ಆಫೀಸಿನ ಮಾಳಿಗೆಗೆ ಏರಿಸುತ್ತೇನೆ ಎಂದೆ. ಸರ್, ತೆಗೆಸಿದರೆ ಸುಲಭವಲ್ಲವೇ ಎಂದು ಕೇಳಿದರು. ಸಾಹುಕಾರರಿಗೆ ಬಿಸಿಲು ಆಗುವುದಿಲ್ಲವಂತೆ ಎಂದೆ. ಒಂದೇ ಅಂಗಳದಲ್ಲಿ ಮೂವರು ಮರ್ಯಾದಸ್ಥ ಗಂಡಸರು ಒಬ್ಬರಿಗೊಬ್ಬರು ತಿಳಿಯಬಾರದೆಂದು ಇಟ್ಟ ಗುಟ್ಟುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಾನು ಏಣಿ ಹತ್ತಿದೆ, ಇಳಿದೆ.

ಸಂಜೆಯ ಹೊತ್ತಿಗೆ ಚಾಚಾ ತಮ್ಮ ಮೇಜಿನಲ್ಲಿ ಕೂತರು. ಸುತ್ತ ಮಾಡಿನವರೆಗೆ ತೊಗರಿ, ಸಂದಿಯಲ್ಲಿ ಹಮಾಲರು. ಬೆರಳು ಒತ್ತಿದರು. ನಾನು ಅಂಗಳ ದಾಟಿ ಓಡಿದೆ. ನಾನು ಆಫೀಸು ತಲುಪುವುದಕ್ಕೆ ಮೊದಲೇ ವೀರೇಶ ಪರದೆ ನೋಡುತ್ತ, "ಕಾಕಾ, ಈ ಲಾರಿ ಲೆಕ್ಕ ಬಂತು. ಅಂವ ಇನ್ನ ಹಗ್ಗನೂ ಬಿಗ್ದಿಲ್ಲ" ಎನ್ನುತ್ತಿದ್ದ. ಸಾಹುಕಾರರು ತಲೆ ಎತ್ತದೆ, "ಹ್ಞೂಂ, ಇದ್ರಾಗೇನದ, ದಿನಾ ಬರ್ತದಲ್ಲ" ಎಂದರು. ಮರುವಾರ ಬಯಲಿನ ಥಪ್ಪಿ ಕರಗಿತು. ಬಿಸಿಲು ಕಡಿಮೆಯಾಗಿದೆ ಎಂದು ವೀರೇಶನಿಗೆ ಹೇಳಿದರಂತೆ. ಅದು ಬೇಸಿಗೆ ಶುರುವಾಗುವ ಕಾಲ.

ಸರ್ ಅಂದಿನಿಂದ ಖಾಲಿ ಜಾಗದ ಸರ್ವೆ ಬಿಟ್ಟರು. ಬಿಟ್ಟರೆಂದರೆ ಪೂರ್ತಿ ಎದುರು ದಿಕ್ಕಿಗೆ ತಿರುಗಿದರು. ಸೇಡಮ್ಮಿನ ಗಿರಣಿಯವರಿಗೆ, ಗೋದಾಮು ಮಾಡಿನವರೆಗೆ ತುಂಬುವ ತನಕ ತಾವು ಬರುವುದೇ ಇಲ್ಲವೆಂದು ಹಟ ಹಿಡಿದು, ಪಾಪ, ಅವರು ಮಾರಬೇಕಾದ ಮಾಲನ್ನೂ ಹಿಡಿದಿಟ್ಟುಕೊಳ್ಳುವ ಹಾಗೆ ಮಾಡಿದರು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟೆ. ಅಲ್ಲಿ ಜನ ಬದುಕುತ್ತಿರುವಾಗ ಹೋಗಿ ಅಳೆಯಿರಿ, ಧೂಳು ಕುಡಿಯಿರಿ, ದಾರಿಗೆ ಅಡ್ಡ ನಿಂತು ಬೈಸಿಕೊಳ್ಳಿ.

ಎರಡನೇ ಡಬ್ಬಿ ಕೂತ ಆ ಸಂಜೆ ಹೊರಡುವ ಮುಂಚೆ ಚಾಚಾರಿಗೆ ಹೇಳಿ ಹೋಗಲು ಗೋದಾಮಿಗೆ ಹೋಗಿದ್ದೆ. ಅವರು ಕಾಲು ಚಾಚಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ಸಾವಕಾರ್ರಿಗೆ ಏನೂ ಪತ್ತೆ ಹತ್ತಲಿಲ್ಲ, ಅಲ್ಲಾ ಬೇಟಿ?"

"ಇಲ್ಲ ಚಾಚಾ, ಏನೂ ಹತ್ತಲಿಲ್ಲ."

ಚಾಚಾ ನಿಟ್ಟುಸಿರುಬಿಟ್ಟು ಆಫೀಸಿನ ಕಡೆ ನೋಡಿದರು. "ಭಾಳ ಭೋಳೇ ಮನಷ್ಯಾ" ಎಂದರು. "ಎದುರಿಗಿ ಏನ್ ನಡೀತದ ಅಂಬೋದೂ ಕಾಣಂಗಿಲ್ಲ. ಯಾರರ ಮೋಸ ಮಾಡಿ ಹೋಗ್ತಾರ. ಅದಕ್ಕೇ ನೋಡು, ನಾ ಇಲ್ಲಿ ಇರಬೇಕು."